ಹಬ್ಬದ ಚೀಟಿ ಕಟ್ಟಬೇಕೋ, ಬೇಡವೋ?

ದೀಪಾವಳಿಯ ಪಣತಿ ತೊಳೆದು ಎತ್ತಿಡುವಷ್ಟರಲ್ಲಿ ನಮ್ಮ ಓಣಿಯಲ್ಲಿ ಮುಂದಿನ ವರ್ಷದ ಚೀಟಿಯ ಮಾತು ಶುರುವಾಗಿರುತ್ತದೆ. ತಿಂಗಳಿಗೆ 250 ರೂಪಾಯಿಯಂತೆ 12 ಕಂತು ಕಟ್ಟಿದರೆ, ಬರುವ ದೀಪಾವಳಿಗೆ ಕಿರಾಣಿ ಸಾಮಾನು ತುಂಬಿದ ದೊಡ್ಡ ಪೆಟ್ಟಿಗೆ ಮನೆಬಾಗಿಲಿಗೆ ಬರುತ್ತದೆ. “3,000ಕ್ಕ 4,000ದ ಸಾಮಾನ ರೀ ವೈನಿ, ಸಾವಿರ ರೂಪಾಯಿ ಪುಕ್ಕಟ ಬಂದಂಗ!” ಎನ್ನುತ್ತಾರೆ ಚೀಟಿಯವರು.

ನನ್ನ ತವರು ಶಿಗ್ಗಾಂವಿ, ಗಂಡನ ಮನೆ ಹಾನಗಲ್ಲ. ನಾದಿನಿಯನ್ನು ಸವಣೂರಿಗೆ ಕೊಟ್ಟಿದೆ, ತಂಗಿಯನ್ನು ಹಿರೇಕೆರೂರಿಗೆ. ನಾಲ್ಕೂ ಕಡೆ ಈ ಚೀಟಿಯ ಮಾತು ಕೇಳಿದ್ದೇನೆ. 2024ರ ದೀಪಾವಳಿ ಮುಗಿದ ಮೇಲೆ ತಂಗಿ ಫೋನ್ ಮಾಡಿ, “ಅಕ್ಕಾ, ನಾನೂ ಸೇರಲೇನ?” ಎಂದು ಕೇಳಿದಳು. ಅವಳ ಗಂಡ ಹಮಾಲಿ ಮಾಡುವವರು. ಮಳೆ ಹಿಡಿದರೆ ವಾರಕ್ಕೆ ಎರಡು ದಿನ ಕೆಲಸ ಸಿಕ್ಕರೆ ಹೆಚ್ಚು. ಅಂಥ ಮನೆಗೆ 250 ರೂಪಾಯಿ ಸಣ್ಣ ಮಾತಲ್ಲ. ಪಟ್ಟಿ ತರಿಸಿಕೊಂಡು ಲೆಕ್ಕಕ್ಕೆ ಕುಳಿತೆ.

ಪಟ್ಟಿಯನ್ನು ಮೂರು ಪಾಲು ಮಾಡಿದೆ. ತೊಗರಿಬೇಳೆ, ಸಕ್ಕರೆ, ಎಣ್ಣೆ, ಅಕ್ಕಿಯಂಥ ತಿಂಗಳ ಸಾಮಾನು ಒಂದು ಪಾಲು. ಹೋಳಿಗೆಗೆ ಬೇಕಾದ ಕಡಲೆಬೇಳೆ, ಬೆಲ್ಲ, ಮೈದಾ ಇನ್ನೊಂದು ಪಾಲು. ನಾವಾಗಿಯೇ ಎಂದೂ ಕೊಳ್ಳದ ನೂಡಲ್ಸ್ ಪೊಟ್ಟಣ, ಪ್ಲಾಸ್ಟಿಕ್ ಡಬ್ಬಿ, ಸುವಾಸನೆಯ ತಲೆಯೆಣ್ಣೆ ಮೂರನೆಯ ಪಾಲು. 4,000 ಎಂಬುದು ಪೊಟ್ಟಣಗಳ ಮೇಲೆ ಅಚ್ಚಾದ ಬೆಲೆ. ಅದರಲ್ಲಿ ಮೂರನೆಯ ಪಾಲೇ 850. ಮೊದಲ ಎರಡು ಪಾಲಿನ ಸಾಮಾನು ನಮ್ಮ ಅಂಗಡಿಯ ದರದಲ್ಲಿ 2,650ಕ್ಕೆ ಸಿಗುತ್ತಿತ್ತು. ಅಂದರೆ ಬೇಕಾದದ್ದಕ್ಕೆ 350 ರೂಪಾಯಿ ಹೆಚ್ಚು ಕೊಟ್ಟಂತಾಯಿತು, ಅದೂ ಮುಂಗಡವಾಗಿ!

ತಂಗಿಯ ಮನೆಗೆ ಈ ಲೆಕ್ಕ ಇನ್ನೂ ಬಿಗಿ. ಅವಳದು ಬಿಪಿಎಲ್ ಕಾರ್ಡು, ಅಕ್ಕಿ ನ್ಯಾಯಬೆಲೆ ಅಂಗಡಿಯಿಂದಲೇ ಬರುತ್ತದೆ. ಪೆಟ್ಟಿಗೆಯಲ್ಲಿನ 5 ಕಿಲೋ ಅಕ್ಕಿಯ 250 ರೂಪಾಯಿ ಅವಳಿಗೆ ಬೇಡದ ಪಾಲಿಗೆ ಸೇರಿತು. ಒಂದೇ ಪೆಟ್ಟಿಗೆ, ಆದರೆ ನನಗೆ 2,650ರದ್ದು, ಅವಳಿಗೆ 2,400ರದ್ದು.

ಆದರೂ ತಂಗಿಯ ಮಾತಿನಲ್ಲಿ ಹುರುಳಿತ್ತು. 2023ರ ಜುಲೈನಿಂದ ಅನ್ನಭಾಗ್ಯದ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ತಲೆಗೆ 170 ರೂಪಾಯಿಯನ್ನು ಖಾತೆಗೆ ಹಾಕುತ್ತಿದ್ದರು. 2025ರಲ್ಲಿ ಮತ್ತೆ ಅಕ್ಕಿಯನ್ನೇ ಕೊಡತೊಡಗಿದರು. “ಆ ರೊಕ್ಕದಾಗ ಬ್ಯಾಳಿ ತರಬೇಕಂತ ಮಾಡ್ತಿದ್ದೆ ಅಕ್ಕಾ, ಒಮ್ಮೆ ಔಷಧಕ್ಕ, ಒಮ್ಮೆ ಸಾಲಿ ಫೀಗೆ ಹೋಗಿಬಿಡ್ತಿತ್ತು. ರೊಕ್ಕ ಕೈಯಾಗ ನಿಲ್ಲಂಗಿಲ್ಲ. ಚೀಟಿ ಕಟ್ಟಿದ್ರ ಹಬ್ಬದಾಗ ಅಂಗಡ್ಯಾವನ ಮುಂದ ಉದ್ರಿ ಕೇಳೂದು ತಪ್ಪತೈತಿ” ಎಂದಳು. ಆ ಮರ್ಯಾದೆಗೆ 350 ರೂಪಾಯಿ ಹೆಚ್ಚೇನಲ್ಲ ಎಂದು ನನಗೂ ಅನ್ನಿಸಿತು.

ಆದರೆ ಸವಣೂರಿನ ನಾದಿನಿಯ ಓಣಿಯಲ್ಲಿ ನಡೆದದ್ದು ನೆನಪಿತ್ತು. ಅಲ್ಲಿ ಹಣ ಕೂಡಿಸುತ್ತಿದ್ದವರು 10 ಕಂತು ಆದಮೇಲೆ ಮನೆ ಖಾಲಿ ಮಾಡಿಕೊಂಡು ಹೋದರು. ಒಬ್ಬೊಬ್ಬರದು 2,500 ರೂಪಾಯಿ. ಚೀಟಿ ನಿಧಿಗಳಿಗೆ 1982ರ ಕಾಯ್ದೆಯಿದೆ, ಅನುಮತಿಯಿಲ್ಲದ ಠೇವಣಿ ತಡೆಯಲು 2019ರ ಕಾಯ್ದೆಯೂ ಇದೆ. ಆದರೆ ಪೆನ್ನಿನಲ್ಲಿ ಟಿಕ್ ಹಾಕಿದ ಒಂದು ಕಾರ್ಡು ಹಿಡಿದು ಠಾಣೆಯ ಮೆಟ್ಟಿಲು ಹತ್ತುವವರು ಯಾರು? ಗಂಡನಿಗೆ ಹೇಳದೆ ಕಟ್ಟಿದವರಂತೂ ಅಳುವುದಕ್ಕೂ ಹೆದರಿದರು.

ಕೊನೆಗೆ ತಂಗಿಗೆ ಹೇಳಿದೆ: “ಕಂತು ಕಟ್ಟು, ಆದ್ರ ನಿಮ್ಮ ಸಂಘದಾಗ ಕಟ್ಟು.” ನಮ್ಮ ರಾಜ್ಯದಲ್ಲಿ 2000ದಿಂದ ಸ್ತ್ರೀಶಕ್ತಿ ಸಂಘಗಳಿವೆ. ಅವಳ ಸಂಘದ ಎಂಟು ಜನ ವಾರದ ಉಳಿತಾಯದ ಜೊತೆ ಹಬ್ಬದ ಹಣವನ್ನು ಬೇರೆ ಪುಟದಲ್ಲಿ ಬರೆದು ಬ್ಯಾಂಕಿಗೆ ಹಾಕಿದರು. ಹಬ್ಬ ಎಂಟು ದಿನ ಇರುವಾಗ ಮನೆಮನೆಯ ಪಟ್ಟಿ ಕೂಡಿಸಿ, ರಾಣೇಬೆನ್ನೂರಿನ ಸಗಟು ಅಂಗಡಿಯಿಂದ ಬೇಳೆ, ಸಕ್ಕರೆಯನ್ನು ಚೀಲಗಟ್ಟಲೆ ತಂದು ತೂಗಿ ಹಂಚಿಕೊಂಡರು. 2022ರ ಜುಲೈ 18ರಂದು 25 ಕಿಲೋವರೆಗಿನ ಲೇಬಲ್ ಹಚ್ಚಿದ ಬೇಳೆಯ ಪ್ಯಾಕೆಟ್ಟಿಗೆ ಶೇಕಡಾ 5 ಜಿಎಸ್‌ಟಿ ಬಿತ್ತು, ದೊಡ್ಡ ಚೀಲಕ್ಕೆ ಬೀಳಲಿಲ್ಲ. ಅದೂ ಒಂದು ಉಳಿತಾಯ. ತೂಗುವಾಗ ಒಂದಿಷ್ಟು ಜಗಳವೂ ಆಯಿತೆನ್ನಿ! ಗಾಡಿ ಬಾಡಿಗೆ ಸೇರಿ ತಂಗಿಗೆ 2,200 ಖರ್ಚಾಯಿತು. ಉಳಿದ 800ರಲ್ಲಿ ಅಂಗಡಿಯ ಹಳೆಯ ಉದ್ರಿ ತೀರಿತು, ಮಗಳಿಗೆ ಲಂಗವೂ ಬಂತು.

ಎಲ್ಲರಿಗೂ ಇಂಥ ಸಂಘ ಸಿಗಲಿಕ್ಕಿಲ್ಲ. ಚೀಟಿಯನ್ನೇ ಕಟ್ಟುವುದಾದರೆ ಸೋದರಿಯರೇ, ಮೊದಲೇ ಪಟ್ಟಿಯನ್ನು ತೂಕದ ಸಮೇತ ಬರೆಸಿಕೊಳ್ಳಿ. ಅಚ್ಚಾದ ಬೆಲೆ ಬಿಟ್ಟು ನಿಮ್ಮ ಅಂಗಡಿಯ ದರ ಹಿಡಿದು ಕೂಡಿಸಿ. ಬೇಡದ ಸಾಮಾನಿಗೆ ಸೊನ್ನೆ ಹಾಕಿ. ಪ್ರತಿ ಕಂತಿಗೂ ಸಹಿ ಮಾಡಿದ ರಸೀದಿ ಕೇಳಿ. ನಡುವೆ ಕಂತು ತಪ್ಪಿದರೆ ಕಟ್ಟಿದ ಹಣ ಏನಾಗುತ್ತದೆಂದು ನಾಲ್ಕು ಜನರ ಎದುರಿಗೆ ಕೇಳಿ. ಪೆಟ್ಟಿಗೆ ಬಂದ ದಿನವೇ ಬಿಚ್ಚಿ, ತೂಕ, ಪ್ಯಾಕ್ ಮಾಡಿದ ತಿಂಗಳು ನೋಡಿಕೊಳ್ಳಿ. ಎಲ್ಲಕ್ಕೂ ಮೊದಲು ಮನೆಯವರಿಗೆ ಒಂದು ಮಾತು ತಿಳಿಸಿರಿ.