ಕನ್ನಡ ಮೀಡಿಯಂನವರು ಕೈ ಎತ್ತಿ

1998ರ ಜೂನ್. ಮಧುಗಿರಿಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಬಸವನಗುಡಿಯ ಕಾಲೇಜೊಂದರಲ್ಲಿ ಪಿಯುಸಿ ಸೈನ್ಸ್ ಸೇರಿದ್ದೆ. ವಾಸ ಚಾಮರಾಜಪೇಟೆಯ ಅತ್ತೆ ಮನೆಯಲ್ಲಿ. ಮೊದಲ ದಿನವೇ ಫಿಸಿಕ್ಸ್ ಲೆಕ್ಚರರ್ "ಕನ್ನಡ ಮೀಡಿಯಂನವರು ಯಾರ್ಯಾರು? ಕೈ ಎತ್ತಿ" ಅಂದರು. ಎಂಬತ್ತು ಜನರಲ್ಲಿ ನಾಲ್ಕು ಕೈ. "ನೀವು ಸ್ವಲ್ಪ ಜಾಸ್ತಿ ಕಷ್ಟಪಡಬೇಕಾಗತ್ತೆ" ಅಂದರು. ಪಾಪ, ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಕ್ಲಾಸಿಗೆ ಕ್ಲಾಸೇ ತಿರುಗಿ ನೋಡಿತ್ತು.

ಅವತ್ತಿನಿಂದ ನಾನು ಬಾಯಿ ಬಿಡಲಿಲ್ಲ. ಡೌಟು ಕೇಳಿದರೆ 'ಕನ್ನಡ ಮೀಡಿಯಂ ಅಲ್ವಾ, ಅದಕ್ಕೇ' ಅಂದುಕೊಳ್ಳುತ್ತಾರೆ ಅನ್ನೋ ಭಯ. ಅರ್ಧ ತಲೆ ಪಾಠದ ಕಡೆ, ಇನ್ನರ್ಧ ಅಕ್ಕಪಕ್ಕದವರ ಮುಖದ ಕಡೆ. ಮೊದಲ ಟೆಸ್ಟಿನಲ್ಲಿ ಇಪ್ಪತ್ತೈದಕ್ಕೆ ಆರು! ಊರಿಗೆ ವಾಪಸ್ ಬಂದು ಆರ್ಟ್ಸ್ ಸೇರುತ್ತೇನೆ ಅಂತ ಅಪ್ಪನಿಗೆ ಕಾಗದವನ್ನೂ ಬರೆದಿದ್ದೆ. ಪೋಸ್ಟ್ ಮಾಡಿರಲಿಲ್ಲ ಅಷ್ಟೆ.

ಆಗಲೇ ಗಾಂಧಿಬಜಾರಿನ ಹಿಂದಿದ್ದ ಗೆಳೆಯನೊಬ್ಬನ ಮನೆಯಲ್ಲಿ ನಾಲ್ಕೈದು ಜನ ಕಂಬೈನ್ಡ್ ಸ್ಟಡಿ ಶುರು ಮಾಡಿದೆವು. ಅವನು ಇಂಗ್ಲಿಷ್ ಮೀಡಿಯಂ, ಟೆಸ್ಟಿನಲ್ಲಿ ಕ್ಲಾಸಿಗೇ ಫಸ್ಟು. ಪುಸ್ತಕ ತೆರೆದವನೇ, "ಲೋ, ಈ ಮೊಮೆಂಟಮ್ ನಂಗೆ ತಲೆಗೇ ಹೋಗಿಲ್ಲ ಕಣ್ರೋ. ಉರು ಹೊಡೆದು ಬರೆದೆ ಅಷ್ಟೆ" ಅಂದ. ಯಾರೂ ನಗಲಿಲ್ಲ. ಪುಸ್ತಕದಲ್ಲಿ ಸೂತ್ರ ನೋಡಿದೆ. ದ್ರವ್ಯರಾಶಿ ಇಂಟು ವೇಗ... ಅರೆ, ಇದು ನಮ್ಮ ಸಂವೇಗ! ಮಧುಗಿರಿಯಲ್ಲಿ ಮೇಷ್ಟ್ರು ಎರಡು ಗೋಲಿ ಇಟ್ಟು ತೋರಿಸಿದ್ದರು. ಅಲ್ಲೇ ಇದ್ದ ಕೇರಂ ಬೋರ್ಡಿನಲ್ಲಿ ಸ್ಟ್ರೈಕರ್ ಹೊಡೆದು ಎಲ್ಲರಿಗೂ ತೋರಿಸಿದೆ. ಆ ಕಾಗದ ಪೋಸ್ಟ್ ಆಗಲೇ ಇಲ್ಲ :)

ಎಷ್ಟೋ ವರ್ಷದ ನಂತರ ಕಾರ್ಲಾ ಹಾಫ್, ಪ್ರಿಯಾಂಕಾ ಪಾಂಡೆ ಅವರ 2004ರ ಅಧ್ಯಯನದ ಬಗ್ಗೆ ಓದಿದೆ. ಉತ್ತರ ಪ್ರದೇಶದ ಹಳ್ಳಿಯ ಆರು, ಏಳನೇ ಕ್ಲಾಸಿನ ಹುಡುಗರಿಗೆ ಕಾಗದದ ಮೇಲೆ ದಾರಿ ಹುಡುಕುವ ಒಗಟು ಕೊಟ್ಟಿದ್ದರು. ಜಾತಿಯ ಸುದ್ದಿ ಎತ್ತದಿದ್ದಾಗ ಎಲ್ಲರೂ ಹೆಚ್ಚುಕಮ್ಮಿ ಸಮ. ಎಲ್ಲರೆದುರು ಹೆಸರಿನ ಜೊತೆ ಜಾತಿಯನ್ನೂ ಹೇಳಿದಾಗ ಕೆಳಜಾತಿ ಅನ್ನಿಸಿಕೊಂಡ ಹುಡುಗರು ಬಿಡಿಸಿದ ಒಗಟುಗಳು ಕಡಿಮೆಯಾದವು. ಬುದ್ಧಿ ಅದೇ, ಒಗಟೂ ಅಂಥದ್ದೇ! ಅವರ ನೋವಿನ ಮುಂದೆ ನನ್ನದು ಏನೇನೂ ಅಲ್ಲ. ಆದರೂ ಆ ಎತ್ತಿದ ಕೈ ನೆನಪಾಯಿತು. ತಪ್ಪು ಒಪ್ಪಿಕೊಂಡರೆ ಮಾನ ಹೋಗುವುದಿಲ್ಲ ಅನ್ನೋ ನಂಬಿಕೆ ಇದ್ದಲ್ಲಿ ಗುಂಪು ಕಲಿಯುತ್ತದೆ ಅಂತ ಎಮಿ ಎಡ್ಮಂಡ್ಸನ್ 1999ರಲ್ಲೇ ಬರೆದಿದ್ದರಂತೆ. ನನ್ನ ಗೆಳೆಯ ಅದನ್ನು ಓದದೆಯೇ ಮಾಡಿ ತೋರಿಸಿದ್ದ.

ಅವತ್ತು ಎದ್ದ ನಾಲ್ಕು ಕೈಗಳಲ್ಲಿ ಒಂದು ದಸರಾ ರಜೆಯ ನಂತರ ಕಾಲೇಜಿಗೆ ಬರಲೇ ಇಲ್ಲ. ನನ್ನ ಪಕ್ಕದ ಬೆಂಚಿನವನು. ಕೇರಂ ಬೋರ್ಡಿನ ಹತ್ತಿರ ಇನ್ನೊಬ್ಬರಿಗೆ ಜಾಗವಿತ್ತು. "ನೀನೂ ಬಾರೋ" ಅಂತ ನಾನು ಕರೆಯಲಿಲ್ಲ.