ಹೂಜಿಯೊಳಗಿನ ಘಟಸರ್ಪ

ಕನ್ನಡದಲ್ಲಿ ‘ಘಟಸರ್ಪ’ ಎಂಬುದೊಂದು ವಿಚಿತ್ರವಾದ ಮಾತು. ಹಿಂದಿನ ಕಾಲದಲ್ಲಿ ಗಡಿಗೆಯೊಳಗೆ ಹಾವನ್ನಿರಿಸಿ, ಆರೋಪಿಯ ಕೈಯನ್ನು ಅದರಲ್ಲಿ ಇಡಿಸಿ ಸತ್ಯಪರೀಕ್ಷೆ ಮಾಡುತ್ತಿದ್ದರು. ಆ ಗಡಿಗೆಯ ಹಾವೇ ಕಥೆಗಳಲ್ಲಿ ಬೆಳೆದು ಮಹಾಸರ್ಪವಾಯಿತು. ಪಾಶ್ಚಾತ್ಯರ ಡ್ರ್ಯಾಗನ್ ನಮ್ಮ ನಾಡಿಗೆ ಅತಿಥಿಯಾಗಿ ಬಂದರೆ ಇಳಿದುಕೊಳ್ಳಬೇಕಾದದ್ದು ಇದರ ಮನೆಯಲ್ಲಿಯೇ. ಈಗಂತೂ ಕೀಟಾಹಾರಿ ಸಸ್ಯಗಳನ್ನು ಕಂಡು ಹೊಸದೊಂದು ಡ್ರ್ಯಾಗನ್ ಜಾತಿಯನ್ನೇ ಕಲ್ಪಿಸುವವರಿದ್ದಾರೆ: ನಿಂತಲ್ಲಿಯೇ ನಿಂತು, ಪರಿಮಳ ಬೀರಿ ಕರೆದು, ಬಂದವರನ್ನು ನುಂಗುವ ಪ್ರಾಣಿ!

ಕಲ್ಪನೆ ತೀರ ಹೊಸದೇನಲ್ಲ. ಭಾಗವತದ ಅಘಾಸುರನು ಹೆಬ್ಬಾವಾಗಿ ಬಾಯ್ದೆರೆದು ಬಿದ್ದಿರಲು, ಗೋಪಬಾಲಕರು ಗುಹೆಯೆಂದು ನಲಿಯುತ್ತ ಒಳಹೊಕ್ಕರು. ಮೇಘಾಲಯದ ಬೆಟ್ಟಗಳಲ್ಲಿ ಬೆಳೆಯುವ ಹೂಜಿಗಿಡದ ಉಪಾಯವೂ ಇದೇ. ಜೇನಿನಾಸೆಗೆ ಬಂದ ಕೀಟ ಅಂಚಿನಲ್ಲಿ ಜಾರಿ ಒಳಗಿನ ರಸದಲ್ಲಿ ಮುಳುಗುತ್ತದೆ. ಕೃಷ್ಣನೊಬ್ಬನು ಬಂದು ಬಿಡಿಸಿಕೊಳ್ಳುವ ಭಾಗ್ಯ ಮಾತ್ರ ಅದಕ್ಕಿಲ್ಲ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಕರ್ನಾಟಕದ ತೇವದ ಬಯಲುಗಳಲ್ಲಿ ಡ್ರೊಸೆರಾ ಎಂಬ ಪುಟ್ಟ ಸಸ್ಯ ಸಿಗುತ್ತದೆ. ಎಲೆಯ ಮೇಲಿನ ಕೆಂಪು ರೋಮಗಳ ತುದಿಯಲ್ಲಿ ಇಬ್ಬನಿಯಂಥ ಅಂಟುಹನಿಗಳು ಹೊಳೆಯುತ್ತವೆ. ನೊಣ ಕುಳಿತರೆ ರೋಮಗಳು ಬಾಗಿ ಅದನ್ನು ಬಿಗಿಯುತ್ತವೆ. ಮಡಗಾಸ್ಕರಿನಲ್ಲಿ ಮನುಷ್ಯರನ್ನು ತಿನ್ನುವ ಮರವಿದೆಯೆಂದು 1874ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದು ಸುಳ್ಳುಸುದ್ದಿ ಹಬ್ಬಿಸಿತು. ಮರುವರ್ಷವೇ, 1875ರಲ್ಲಿ, ಚಾರ್ಲ್ಸ್ ಡಾರ್ವಿನ್ ಕೀಟಾಹಾರಿ ಸಸ್ಯಗಳನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದನು. ಅದರ ಬಹುಭಾಗವನ್ನು ಅವನು ಮೀಸಲಿಟ್ಟದ್ದು ಈ ಬೆರಳುದ್ದದ ಡ್ರೊಸೆರಾಕ್ಕೆ.

ಈ ಸಸ್ಯಕ್ಕೆ ಮಾಂಸವೇಕೆ? ಉತ್ತರವನ್ನು ತುಮಕೂರು ತಾಲ್ಲೂಕಿನ ಬೆಳ್ಳಾವಿಯ ರೈತನೂ ಹೇಳಬಲ್ಲನು. ಹೊಲ ಸೊರಗಿದರೆ ಅವನು ಕೊಟ್ಟಿಗೆಯ ಗೊಬ್ಬರವನ್ನೋ ಕೆರೆಯ ಗೋಡನ್ನೋ ಹೊಡೆಯುತ್ತಾನೆ. ಡ್ರೊಸೆರಾ ಬೆಳೆಯುವ ನೆಲದಲ್ಲಿ ಸಾರಜನಕಕ್ಕೆ ಬರ. ಗೊಬ್ಬರ ಹಾಕುವವರೂ ಇಲ್ಲ. ಬಿಸಿಲಿನಿಂದ ಎಲೆ ತನ್ನ ಅನ್ನವನ್ನೇನೋ ಮಾಡಿಕೊಳ್ಳುತ್ತದೆ. ಕೊರತೆ ಬಿದ್ದ ಗೊಬ್ಬರವನ್ನು ನೊಣದ ರೂಪದಲ್ಲಿ ಗಾಳಿಯಿಂದ ಹಿಡಿಯುತ್ತದೆ. ರಾಕ್ಷಸನೆಂದು ಹೆದರಿದ್ದು ಬಡ ಒಕ್ಕಲಿನ ಜಾಣತನ!

ಬೆಳ್ಳಾವೆ ಎಂದೂ ಬರೆಯುವ ಈ ಊರಿನ ಹೆಸರನ್ನು ಹೊತ್ತ ಇಬ್ಬರು ಕನ್ನಡಕ್ಕೆ ದುಡಿದರು. ನರಹರಿ ಶಾಸ್ತ್ರಿಗಳು ಗುಬ್ಬಿ ಕಂಪನಿಗೆ ‘ಕೃಷ್ಣಲೀಲಾ’ ನಾಟಕವನ್ನು ಬರೆದುಕೊಟ್ಟರು. ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿದರು, ‘ಜೀವವಿಜ್ಞಾನ’ವನ್ನೂ ಬರೆದರು. ಒಬ್ಬರದು ಲೀಲೆ, ಇನ್ನೊಬ್ಬರದು ಪರೀಕ್ಷೆ. ಹೊಸ ಘಟಸರ್ಪವನ್ನು ಸೃಷ್ಟಿಸಹೊರಟವನಿಗೆ ಇಬ್ಬರ ನೆರವೂ ಬೇಕು. ಅದಕ್ಕೆ ಬಾಯಿ ಕೊಡುವುದು ಸುಲಭ. ಹಸಿವಿಗೊಂದು ನ್ಯಾಯವಾದ ಕಾರಣವನ್ನೂ ಕೊಟ್ಟರೆ, ಮಕ್ಕಳು ಅದಕ್ಕೆ ಹೆದರುತ್ತಲೇ ಮರುಕವನ್ನೂ ತೋರಿಯಾರು. ಬಯಲಿನ ಡ್ರೊಸೆರಾವನ್ನು ಕಳೆಯೆಂದು ತುಳಿಯುವ ಮೊದಲು ಒಮ್ಮೆ ಬಾಗಿ ನೋಡಿಯಾರು.