‘ಆತ್ರಿ ಮೇಡಂ’

ಹತ್ತು ಗಂಟೆಗೆ ಇಂಟರ್‌ವ್ಯೂ ಅಂತ ಹೇಳಿದರೆ ನಮ್ಮ ಕ್ಯಾಂಡಿಡೇಟ್‌ಗಳು ಒಂಬತ್ತೂವರೆಗೇ ಬಂದು ಆಫೀಸಿನ ಕೆಳಗಿರುವ ಬೇಕರಿ ಮುಂದೆ ನಿಂತಿರ್ತಾರೆ. ಶೂ ಹೊಳೀತಿರತ್ತೆ, ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೋಲ್ಡರ್. ಹೆಬ್ಬಾಳದ ಫ್ಲೈಓವರ್‌ನಲ್ಲಿ ಸಿಕ್ಕಿಹಾಕಿಕೊಂಡು, ಹತ್ತೂಕಾಲಿಗೆ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತುವ ನನ್ನನ್ನು ನೋಡಿ ಅವರು ಎದ್ದು ನಿಂತು ‘ಗುಡ್ ಮಾರ್ನಿಂಗ್ ಮೇಡಂ’ ಅಂದಾಗ ನನಗೆ ನಾಚಿಕೆಯಾಗತ್ತೆ. ಅವರಲ್ಲಿ ಅರ್ಧ ಜನರಿಗೆ ನನ್ನ ಅಪ್ಪನ ವಯಸ್ಸು.

ನಮ್ಮದು ಮಾಜಿ ಸೈನಿಕರಿಗೆ ಕೆಲಸ ಹುಡುಕಿಕೊಡುವ ಪುಟ್ಟ ಕಂಪನಿ. ಬೆಂಗಳೂರಿನ ಈ ಉತ್ತರ ತುದಿಯಲ್ಲಿ ಇಂಥ ಆಫೀಸು ಇರುವುದು ಸುಮ್ಮನೆ ಅಲ್ಲ. ಆ ಕಡೆ ಯಲಹಂಕ, ಈ ಕಡೆ ಜಾಲಹಳ್ಳಿ, ಎರಡು ಕಡೆಯೂ ವಾಯುಪಡೆ ನೆಲೆಗಳು. ಆರ್.ಟಿ. ನಗರದಿಂದ ಸ್ವಲ್ಪ ಮುಂದೆ ಹೋದರೆ ಜೆ.ಸಿ. ನಗರದ ಹತ್ತಿರ ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರ. ಸರ್ವೀಸ್ ಮುಗಿಸಿದವರು ಮಿಲಿಟರಿ ಕ್ಯಾಂಟೀನು, ಆಸ್ಪತ್ರೆ, ಮಕ್ಕಳ ಕಾಲೇಜು ಅಂತ ಲೆಕ್ಕ ಹಾಕಿ ಈ ಸುತ್ತಮುತ್ತಲೇ ಮನೆ ಮಾಡ್ತಾರೆ. ‘ರಿಟೈರ್ಡ್’ ಅಂದ ತಕ್ಷಣ ನಮ್ಮ ಕಣ್ಣಿಗೆ ವಾಕಿಂಗ್ ಸ್ಟಿಕ್ ಬರತ್ತೆ. ಆದರೆ ಸಿಪಾಯಿಯಾಗಿ ಸೇರಿದವನು ಮೂವತ್ತೇಳು ಮೂವತ್ತೆಂಟಕ್ಕೇ ಹೊರಗೆ ಬಂದಿರ್ತಾನೆ. ಮಗಳು ಇನ್ನೂ ಏಳನೇ ಕ್ಲಾಸು, ಹೋಮ್ ಲೋನ್ ಇನ್ನೂ ಶುರುವಾಗಿರಲ್ಲ.

ನನ್ನ ಕೆಲಸ ಅವರ ರೆಸ್ಯೂಮೆಯನ್ನು ಕಂಪನಿಗಳಿಗೆ ಅರ್ಥವಾಗುವ ಹಾಗೆ ತಿದ್ದುವುದು. ಮೊದಲ ವಾರವೇ ಗೊತ್ತಾಗಿದ್ದು, ಇವರಿಗೆ ‘ನಾನು’ ಅಂತ ಬರೆಯೋಕೆ ಬರಲ್ಲ. ‘ನಮ್ಮ ಯೂನಿಟ್’, ‘ನಮ್ಮ ಪ್ಲಟೂನ್’, ‘ನಮ್ಮ ಹುಡುಗ್ರು’. ಎರಡನೇದು, ಇವರ್‍ಯಾರೂ ಜೀವಮಾನದಲ್ಲಿ ಸಂಬಳಕ್ಕೆ ಚೌಕಾಸಿ ಮಾಡಿದವರಲ್ಲ. ಪೇ ಕಮಿಷನ್ ಹೇಳಿದಷ್ಟು ಬಂತು, ತಗೊಂಡ್ರು. ‘ಎಕ್ಸ್‌ಪೆಕ್ಟೆಡ್ ಸ್ಯಾಲರಿ ಎಷ್ಟು ಸರ್?’ ಅಂತ ಕೇಳಿದರೆ ‘ನೀವೇ ನೋಡಿ ಹಾಕಿ ಮೇಡಂ’ ಅಂತಾರೆ. ಮೂರನೇದು ಡಿಗ್ರಿ. ಎಸ್ಸೆಸ್ಸೆಲ್ಸಿ ಪಾಸಾಗಿ ಹದಿನೈದು ವರ್ಷ ಸರ್ವೀಸ್ ಮಾಡಿದವರನ್ನು ಗ್ರೂಪ್ ‘ಸಿ’ ಹುದ್ದೆಗಳಿಗೆ ಪದವೀಧರರ ಸಮ ಅಂತ ಕೇಂದ್ರ ಸರ್ಕಾರ ಒಪ್ಪತ್ತೆ. ಆದರೆ ಖಾಸಗಿ ಕಂಪನಿಯ ಆನ್‌ಲೈನ್ ಫಾರ್ಮಿಗೆ ಇದು ಗೊತ್ತಿಲ್ಲ. ಅಲ್ಲಿ ಬಿ.ಎ., ಬಿ.ಕಾಂ., ಬಿ.ಇ. ಬಿಟ್ಟರೆ ‘ಅದರ್ಸ್’. ಗಡಿಯಲ್ಲಿ ಕಳೆದ ಹದಿನೈದು ವರ್ಷ ‘ಅದರ್ಸ್’ ಒಳಗೆ ಹೋಗಿ ಕೂತುಬಿಡತ್ತೆ.

ಒಂದು ಜುಲೈ ತಿಂಗಳು ನಮ್ಮ ಆಫೀಸಿಗೆ ಒಬ್ಬರು ಸುಬೇದಾರರು ಬಂದರು. ಬೈಲಹೊಂಗಲದ ಕಡೆಯವರು, ಆರ್ಮಿ ಸರ್ವೀಸ್ ಕೋರ್‌ನಲ್ಲಿ ಇಪ್ಪತ್ತೆಂಟು ವರ್ಷ. ಮಗಳು ಯಲಹಂಕದ ಒಂದು ಕಾಲೇಜಲ್ಲಿ ಇಂಜಿನಿಯರಿಂಗ್ ಓದ್ತಿದ್ದಳು, ಅದಕ್ಕೇ ಎಂ.ಎಸ್. ಪಾಳ್ಯದಲ್ಲಿ ಬಾಡಿಗೆ ಮನೆ. ರೆಸ್ಯೂಮೆಯಲ್ಲಿ ಲಡಾಖ್ ಪೋಸ್ಟಿಂಗ್ ಮುಂದೆ ಒಂದೇ ಸಾಲು ಇತ್ತು: ರೇಷನ್ ನೋಡಿಕೊಂಡಿದ್ದೇನೆ.

‘ರೇಷನ್ ಅಂದ್ರೆ ಏನ್ ಸರ್, ಬಿಡಿಸಿ ಹೇಳಿ’ ಅಂದೆ.

‘ಅಲ್ಲಿ ಹಿಮ ಬಿತ್ತಂದ್ರ ಜೋಜಿಲಾ ಬಂದ್ ಆಗ್ತೈತ್ರಿ ಮೇಡಂ. ತಿಂಗಳಗಟ್ಟಲೆ ಗಾಡಿ ಬರೂದಿಲ್ಲ. ಅದಕ್ಕ ಬ್ಯಾಸಗ್ಯಾಗ ಎಲ್ಲಾ ಮ್ಯಾಲ ಮುಟ್ಟಿಸಿ ಇಡಬೇಕ್ರಿ. ಹಿಟ್ಟು, ಬ್ಯಾಳಿ, ಸೀಮೆಎಣ್ಣಿ, ಎಲ್ಲಾ. ಲೆಕ್ಕ ತಪ್ಪಿತಂದ್ರ ಜನೆವರಿಯೊಳಗ ನಮ್ಮ ಹುಡುಗ್ರು ಉಪಾಸ.’

ಮ್ಯಾನೇಜ್‌ಮೆಂಟ್ ಓದಿದವರು ಪಿಪಿಟಿ ಹಾಕಿ ತೋರಿಸೋದನ್ನ ಈ ಮನುಷ್ಯ ಹಿಮದ ಜೊತೆ ರೇಸ್ ಹಚ್ಚಿ ಮಾಡಿದ್ದರು. ನಾನು ಉತ್ಸಾಹದಲ್ಲಿ ಕೂತು ರೆಸ್ಯೂಮೆ ಪೂರ್ತಿ ಹೊಸದಾಗಿ ಬರೆದೆ. ಸಪ್ಲೈ ಚೈನ್, ಇನ್ವೆಂಟರಿ, ಡಿಮ್ಯಾಂಡ್ ಪ್ಲಾನಿಂಗ್, ಎಲ್ಲ ಹಾಕಿದೆ. ಓದಿ ಹೇಳಿದಾಗ ಅವರು ಸಂಕೋಚದಿಂದ ನಕ್ಕರು. ‘ಇದು ಯಾರ್ ಬಗ್ಗೆ ಬರದೀರಿ?’

ನೆಲಮಂಗಲದ ಕಡೆ ಒಂದು ದೊಡ್ಡ ಗೋಡೌನ್. ಅಲ್ಲಿ ಶಿಫ್ಟ್ ಮ್ಯಾನೇಜರ್ ಬೇಕಿತ್ತು. ವಿಡಿಯೋ ಕಾಲ್ ಇಂಟರ್‌ವ್ಯೂ ನಮ್ಮ ಆಫೀಸಿನಿಂದಲೇ ಆಯ್ತು. ಆ ಕಡೆ ಕೂತಿದ್ದವನು ನನಗಿಂತ ಎರಡು ವರ್ಷ ದೊಡ್ಡವನಿರಬಹುದು. ‘ನಿಮ್ಮ ಪರ್ಸನಲ್ ಅಚೀವ್‌ಮೆಂಟ್ ಏನು?’ ಅಂತ ಇಂಗ್ಲಿಷಲ್ಲಿ ಕೇಳಿದ. ಸುಬೇದಾರರು ಯೋಚಿಸಿ, ಹಿಂದಿಯಲ್ಲಿ, ಎಲ್ಲ ನಮ್ಮ ಹುಡುಗರು ಮಾಡಿದ್ದು ಸರ್, ನಾನು ಜೊತೆಗಿದ್ದೆ ಅಷ್ಟೇ ಅಂದರು. ಅದು ನಿಜವೂ ಹೌದು, ಅವರ ಮಟ್ಟಿಗೆ ದೊಡ್ಡ ಮಾತೂ ಹೌದು. ಆದರೆ ಸಂಜೆ ಮೇಲ್ ಬಂತು. ಓನರ್‌ಶಿಪ್ ಕಾಣಿಸ್ತಿಲ್ಲ, ಮ್ಯಾನೇಜರ್ ಬೇಡ. ಅವರು ಫೌಜಿ ಅಲ್ವಾ, ಗೇಟಿನಲ್ಲಿ ಸೆಕ್ಯೂರಿಟಿ ಸೂಪರ್‌ವೈಸರ್ ಪೋಸ್ಟ್ ಖಾಲಿ ಇದೆ, ಕೇಳಿ ನೋಡಿ.

ಈಗ ನನ್ನ ತಪ್ಪಿಗೆ ಬರ್ತೀನಿ.

ನಮ್ಮ ವ್ಯವಹಾರ ನಿಮಗೆ ಗೊತ್ತಿರಲಿ. ಕ್ಯಾಂಡಿಡೇಟ್ ಹತ್ತಿರ ನಾವು ದುಡ್ಡು ತಗೊಳ್ಳಲ್ಲ. ಅವರು ಸೇರಿದ ಮೇಲೆ ಕಂಪನಿ ನಮಗೆ ಕೊಡತ್ತೆ, ಸಾಮಾನ್ಯವಾಗಿ ವರ್ಷದ ಸಂಬಳದ 8.33 ಪರ್ಸೆಂಟ್, ಅಂದರೆ ಒಂದು ತಿಂಗಳ ಸಂಬಳ. ಅವತ್ತು 30ನೇ ತಾರೀಖು. ನನ್ನ ಟಾರ್ಗೆಟ್‌ಗೆ ಒಂದೇ ಒಂದು ಜಾಯ್ನಿಂಗ್ ಕಮ್ಮಿ ಇತ್ತು. ನಾನು ಅವರಿಗೆ ಫೋನ್ ಮಾಡಿ, ಸದ್ಯಕ್ಕೆ ಸೇರ್ಕೊಳ್ಳಿ ಸರ್, ಒಳಗೆ ಹೋದ ಮೇಲೆ ಪ್ರಮೋಷನ್ ಆಗತ್ತೆ ಅಂದೆ. ಆಗತ್ತೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಆ ಕಡೆ ಎರಡು ಸೆಕೆಂಡ್ ಮೌನ. ಆಮೇಲೆ ‘ಆತ್ರಿ ಮೇಡಂ’ ಅಂದರು.

ನಾನು ಎಕ್ಸೆಲ್ ಶೀಟಿನಲ್ಲಿ ಹಸಿರು ಬಣ್ಣ ತುಂಬಿ ಮನೆಗೆ ಹೋದೆ.

ಮೂರು ತಿಂಗಳಾದ ಮೇಲೆ ಬೇರೆ ಪೋಸ್ಟ್‌ಗಳ ವಿಷಯ ಮಾತಾಡೋಕೆ ಅದೇ ಗೋಡೌನಿಗೆ ಹೋದೆ. ನನ್ನ ಕ್ಯಾಬ್ ಗೇಟಿಗೆ ಬಂದಾಗ, ನೀಲಿ ಯೂನಿಫಾರ್ಮ್‌ನಲ್ಲಿದ್ದ ಒಬ್ಬರು ಸೆಲ್ಯೂಟ್ ಹೊಡೆದರು. ಸುಬೇದಾರರು. ಪಟ್ಟಿ ಕಟ್ಟಿದ ಹಾಗೆ ನೆಟ್ಟಗಿದ್ದ ಆ ಸೆಲ್ಯೂಟ್ ನೋಡಿ ನನಗೆ ಕಾರಿನಿಂದ ಇಳಿಯೋಕಾಗಲಿಲ್ಲ. ಸೈನ್ಯದಲ್ಲಿ ಸುಬೇದಾರರನ್ನು ಅಧಿಕಾರಿಗಳೂ ‘ಸಾಹೇಬ್’ ಅಂತ ಕರೀತಾರೆ. ಇಲ್ಲಿ ಅದೇ ಮ್ಯಾನೇಜರ್ ಹುಡುಗ ಒಳಗಿನಿಂದ ಹೆಸರು ಹಿಡಿದು ಕೂಗಿ, ಗಾಡಿ ಬಿಡೋಕೆ ಹೇಳಿದ.

ವಾಪಸ್ ಬರುವಾಗ ಗೇಟಿನ ಹತ್ತಿರ ಕ್ಯಾಬ್ ನಿಲ್ಲಿಸಿ ಮಾತಾಡಿಸಿದೆ. ಟೇಬಲ್ ಮೇಲೆ ಉದ್ದನೆಯ ನೋಟ್‌ಬುಕ್ ಇತ್ತು. ಯಾವ ಲಾರಿ ಎಷ್ಟೊತ್ತಿಗೆ ಬಂತು, ಎಷ್ಟು ಹೊತ್ತು ಕಾದು ನಿಂತಿತ್ತು, ಯಾಕೆ. ಯಾರೂ ಕೇಳಿರಲಿಲ್ಲ, ಸುಮ್ಮನೆ ಬರೆದಿಟ್ಟಿದ್ದರು. ‘ಮುಂಜಾನೆ ಬರೂ ಗಾಡಿ ಮೊದಲು ಆ ಕಡಿ ಹಚ್ಚಿದ್ರ ಎರಡು ತಾಸು ಉಳೀತೈತ್ರಿ’ ಅಂತ ಬೆರಳು ಮಾಡಿ ತೋರಿಸಿದರು. ಇದನ್ನ ಒಳಗೆ ಹೇಳಿದ್ರಾ ಅಂದೆ. ‘ನಾ ಗೇಟಿನಾಂವ ಅಲ್ರಿ ಮೇಡಂ’ ಅಂದರು. ದೂರು ಇರಲಿಲ್ಲ ಆ ಮಾತಲ್ಲಿ. ಅದೇ ಹೆಚ್ಚು ಕಷ್ಟವಾಯ್ತು.

ಅವತ್ತು ಬಸ್ಸಿನಂತೆ ತೆವಳುತ್ತಿದ್ದ ಕ್ಯಾಬಿನಲ್ಲಿ, ಯಶವಂತಪುರ ದಾಟುವವರೆಗೂ ಅದೇ ಯೋಚನೆ. ಆ ‘ಆತ್ರಿ’ ಒಪ್ಪಿಗೆ ಆಗಿರಲಿಲ್ಲ. ಇಪ್ಪತ್ತೆಂಟು ವರ್ಷ ಮೇಲಿನವರು ಹೇಳಿದ್ದಕ್ಕೆ ಹಾಗೆ ಅಂದು ಅಭ್ಯಾಸವಾದ ಮಾತು ಅದು. ನಾನು ಫೋನಿನಲ್ಲಿ ಕೊಟ್ಟಿದ್ದು ಸಲಹೆ, ಅವರಿಗೆ ಕೇಳಿಸಿದ್ದು ಆರ್ಡರ್. ಇದು ನನಗೆ ಗೊತ್ತಿರಲಿಲ್ಲ ಅಂದರೆ ಸುಳ್ಳಾಗತ್ತೆ. ಆ ಎರಡು ಸೆಕೆಂಡಿನ ಮೌನ ನನಗೂ ಕೇಳಿಸಿತ್ತು.

ಆಮೇಲೆ ಒಂದು ರೂಲ್ ಮಾಡ್ಕೊಂಡೆ. ಆಫರ್ ಹೇಳಿದ ದಿನವೇ ಯಾರ ಹತ್ತಿರವೂ ಹೂಂ ಅನ್ನಿಸಿಕೊಳ್ಳಲ್ಲ. ಮನೆಗೆ ಹೋಗಿ ಹೆಂಡತಿ ಮಕ್ಕಳ ಜೊತೆ ಮಾತಾಡಿ, ನಾಳೆ ಹೇಳಿ, ಬೇಡ ಅಂದರೆ ನನಗೇನೂ ಬೇಜಾರಿಲ್ಲ ಅಂತೀನಿ. ಟಾರ್ಗೆಟ್ ಎರಡು ತಿಂಗಳು ಮಿಸ್ ಆಯ್ತು, ಬೈಸಿಕೊಂಡೆ. ಇಂಟರ್‌ವ್ಯೂ ಪ್ರಾಕ್ಟೀಸಿನಲ್ಲಿ ‘ನಾನು’ ಹೇಳಿಸುವುದರ ಜೊತೆಗೆ ‘ಇಲ್ಲ’ ಹೇಳಿಸುವುದನ್ನೂ ಸೇರಿಸಿದೆ. ನಲವತ್ತು ದಾಟಿದ ಗಂಡಸರು ನನ್ನೆದುರು ಕೂತು ‘ನೋ ಸರ್, ಈ ಸಂಬಳ ಸಾಲಲ್ಲ’ ಅಂತ ಪ್ರಾಕ್ಟೀಸ್ ಮಾಡಿ, ಬೆವರು ಒರೆಸಿಕೊಂಡು ನಗೋದನ್ನ ನೀವು ನೋಡಬೇಕು.

ಈಗ ಇನ್ನೊಂದು ಚಿಂತೆ. 2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಬಂತು. ನಾಲ್ಕು ವರ್ಷದ ಸೇವೆ, ಆಮೇಲೆ ಹೆಚ್ಚೆಂದರೆ ನೂರಕ್ಕೆ 25 ಜನ ಸೈನ್ಯದಲ್ಲೇ ಮುಂದುವರೀತಾರೆ, ಉಳಿದವರು ಹೊರಗೆ. ಕೈಗೆ ಸುಮಾರು 11.71 ಲಕ್ಷದ ಸೇವಾ ನಿಧಿ, ಪೆನ್ಷನ್ ಇಲ್ಲ. ಆ ಹುಡುಗರು ಇಪ್ಪತ್ತೆರಡು, ಇಪ್ಪತ್ತಮೂರರ ವಯಸ್ಸಿಗೆ ನಮ್ಮ ಬೇಕರಿ ಮುಂದೆ ಬಂದು ನಿಲ್ತಾರೆ. ಸುಬೇದಾರರಿಗೆ ಪೆನ್ಷನ್ ಇತ್ತು, ಬೇಡ ಅನ್ನಬಹುದಿತ್ತು, ಅನ್ನೋಕೆ ಬರ್ತಿರಲಿಲ್ಲ. ಈ ಹುಡುಗರಿಗೆ ಅನ್ನೋಕೆ ಬಂದರೂ ಎಷ್ಟು ಸಲ ಅನ್ನೋಕಾಗತ್ತೆ?

ಸುಬೇದಾರರ ವಿಷಯ ಹೇಳಿ ಮುಗಿಸ್ತೀನಿ. ಆ ನೋಟ್‌ಬುಕ್ಕಿನ ನಾಲ್ಕು ಪುಟ ಫೋಟೋ ತೆಗೆದು ರೆಸ್ಯೂಮೆ ಜೊತೆ ಬೇರೆ ಕಂಪನಿಗಳಿಗೆ ಕಳಿಸಿದೆ. ತುಂಬ ದಿನ ಏನೂ ಆಗಲಿಲ್ಲ. ಒಂದು ಕಡೆಯಿಂದ ಆಫರ್ ಬಂತು. ಡೆಸಿಗ್ನೇಷನ್ ದೊಡ್ಡದು, ಆದರೆ ಬರೀ ನೈಟ್ ಶಿಫ್ಟ್, ಸಂಬಳ ಹೆಚ್ಚು ಕಮ್ಮಿ ಅಷ್ಟೇ. ನಾನು ಹೇಳಬೇಕಾದ್ದನ್ನೆಲ್ಲ ಹೇಳಿ, ನಾಳೆ ಫೋನ್ ಮಾಡಿ ಸರ್ ಅಂದೆ.

ಮರುದಿನ ಬೆಳಗ್ಗೆ ಸರಿಯಾಗಿ ಎಂಟಕ್ಕೆ ಫೋನ್. ಮತ್ತೆ ಅದೇ ಎರಡು ಸೆಕೆಂಡ್ ಮೌನ. ನಾನು ಈ ಸಲ ಬಾಯಿ ಹಾಕಲಿಲ್ಲ.

‘ಬ್ಯಾಡ್ರಿ’ ಅಂದರು. ಸ್ವಲ್ಪ ತಡೆದು, ‘ಸಿಟ್ಟಾದಿ ಏನ್ ತಂಗಿ?’

ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ಕೆಲಸ ಸಿಗುವುದಕ್ಕೆ ಮತ್ತೆ ಎರಡು ತಿಂಗಳು ಹಿಡೀತು. ಈಗ ಅಲ್ಲೇ ಇದ್ದಾರೆ. ಹೋದ ವಾರ ಫೋನ್ ಮಾಡಿ, ತಮ್ಮ ಕೈ ಕೆಳಗೆ ಇಬ್ಬರು ಹುಡುಗರು ಬೇಕು, ನಿಮ್ಮ ಲಿಸ್ಟಿನಲ್ಲಿ ಯಾರಿದ್ದಾರೆ ಅಂತ ಕೇಳಿದರು. ಸಂಬಳ ಎಷ್ಟು ಕೊಡ್ತೀರಿ ಸಾಹೇಬ್ರೇ ಅಂದೆ. ಅವರು ಹೇಳಿದ್ದು ಕಮ್ಮಿ ಅನ್ನಿಸಿತು. ‘ಸಾಲಲ್ಲ ಸರ್’ ಅಂದೆ.